ಉಕ್ರೇನ್ ಯುದ್ಧ ನಮ್ಮ ನಾಲ್ಕು ತಾಲ್ಲೂಕಿಗೆ ಬಂದ ದಾರಿ

ಇಷ್ಟು ದಿನ ಕೆರೆ, ಬೆಟ್ಟ, ಗುಡಿ ಅಂತ ಫೋಟೋ ಹಾಕ್ತಿದ್ದೆ. ಈ ಸಲದ ಐದು ಫೋಟೋ ಬೇರೆ ಥರ. 2022ರ ಫೆಬ್ರವರಿ 24ರಂದು ರಷ್ಯಾ ಸೇನೆ ಉಕ್ರೇನ್ ಮೇಲೆ ಪೂರ್ತಿಯಾಗಿ ದಾಳಿಗೆ ಇಳೀತು. ಕೀವ್, ಖಾರ್ಕಿವ್ ಅನ್ನೋ ಹೆಸರು ಅವತ್ತಿಂದ ನಮ್ಮ ಬಾಯಿಗೂ ಬಂತು. ಆದರೆ ಆ ಯುದ್ಧ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಕ್ಕೆ ಯಾವ ದಾರೀಲಿ ಬಂತು? ಒಂದೊಂದೇ ಫೋಟೋ ನೋಡ್ತಾ ಹೋಗಿ.

ಫೋಟೋ 1 – ಮಾಲೂರು. ಅಪ್ಪನ ಲೆಕ್ಕದ ಪುಸ್ತಕ

ಎಡಗಡೆ ಪುಟ 2021, ಬಲಗಡೆ 2022. ಪೊಟ್ಯಾಷ್ ಅಂತ ಬರೆದಿರೋ ಸಾಲು ನೋಡಿ. ಸಾವಿರದ ಆಸುಪಾಸಿನಲ್ಲಿದ್ದ 50 ಕೆಜಿ ಚೀಲ 1,700 ಆಗಿದೆ. ಅಂಗಡಿಯಲ್ಲಿ ಅಪ್ಪ "ಏನಣ್ಣ, ಇಷ್ಟೊಂದಾ?" ಅಂದ್ರೆ, "ಅಲ್ಲೆಲ್ಲೋ ಗಲಾಟೆ ಅಂತಲ್ಲಣ್ಣ, ನಮ್ ಕೈಲೇನಿದೆ" ಅಂದ್ರಂತೆ.

ಅವರು ಹೇಳಿದ್ದು ಸುಳ್ಳಲ್ಲ. ನಮ್ಮ ದೇಶದಲ್ಲಿ ಬಳಸೋ ಪೊಟ್ಯಾಷ್ ಹೆಚ್ಚುಕಮ್ಮಿ ಪೂರ್ತಿ ಹೊರಗಿಂದಲೇ ಬರಬೇಕು. ಪ್ರಪಂಚಕ್ಕೆ ಇದನ್ನ ಕೊಡೋ ದೊಡ್ಡವರು ಮೂರು ಜನ: ಕೆನಡಾ, ರಷ್ಯಾ, ಬೆಲಾರೂಸ್. ಬೆಲಾರೂಸ್ ಮೇಲೆ ಯುದ್ಧಕ್ಕೆ ಮುಂಚೆಯೇ ನಿರ್ಬಂಧ ಬಿದ್ದು ರೇಟು ಏರಿತ್ತು. 2022ರ ಫೆಬ್ರವರಿ 1ರಿಂದ ಲಿಥುವೇನಿಯಾ ತನ್ನ ರೈಲಿನಲ್ಲಿ ಅವರ ಪೊಟ್ಯಾಷ್ ಸಾಗಿಸೋದನ್ನೂ ನಿಲ್ಲಿಸಿತು. ಅದೇ ತಿಂಗಳ ಕೊನೆಗೆ ಯುದ್ಧ. ಏರಿದ್ದು ಆ ವರ್ಷ ಇಳೀಲೇ ಇಲ್ಲ.

ಆಲೂಗಡ್ಡೆ, ಟೊಮೆಟೊ ಬೆಳೆಯೋರಿಗೆ ಪೊಟ್ಯಾಷ್ ಬಿಟ್ಟು ಆಗಲ್ಲ. ಗಡ್ಡೆ ದಪ್ಪ ಆಗೋಕೂ ಅದೇ ಬೇಕು, ಹಣ್ಣಿಗೆ ಬಣ್ಣ ಬಂದು ಲಾರೀಲಿ ದೂರ ಹೋದ್ರೂ ಮೆತ್ತಗಾಗದೆ ಇರೋಕೂ ಅದೇ ಬೇಕು. ಅಪ್ಪ ಆ ವರ್ಷ ಹಾಕೋದನ್ನ ಕಮ್ಮಿ ಮಾಡಿದ್ರು. ಪುಸ್ತಕದಲ್ಲಿ ನಾಲ್ಕು ಚೀಲ ಇದ್ದ ಕಡೆ ಎರಡು ಅಂತಿದೆ.

ಡಿಎಪಿ ಮಾತ್ರ 1,200ರಿಂದ 1,350ಕ್ಕೆ ನಿಂತಿತು. ಯಾಕೆ ಗೊತ್ತಾ? ಚೀಲಕ್ಕೆ 1,650 ಇದ್ದ ಸಬ್ಸಿಡಿಯನ್ನ ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಲ್ಲಿ 2,501 ರೂಪಾಯಿಗೆ ಏರಿಸಿತು. ಯೂರಿಯಾಕ್ಕೆ ಕಚ್ಚಾ ವಸ್ತು ಅನಿಲ. ರಷ್ಯಾದ ಅನಿಲ ಕಮ್ಮಿಯಾಗಿ ಯುರೋಪಿನವರು ಸಿಕ್ಕಸಿಕ್ಕ ಕಡೆಯೆಲ್ಲ ಕೊಳ್ಳೋಕೆ ಶುರು ಮಾಡಿದ್ರು, ಪ್ರಪಂಚದಲ್ಲೆಲ್ಲ ಅನಿಲದ ರೇಟು ಏರಿತು. ನಮಗೆ 45 ಕೆಜಿ ಚೀಲ 266 ರೂಪಾಯಿಗೇ ಸಿಕ್ತು, ಉಳಿದಿದ್ದನ್ನ ಸರ್ಕಾರ ಕಟ್ಟಿತು. 2022-23ರ ಬಜೆಟ್‌ನಲ್ಲಿ ಗೊಬ್ಬರದ ಸಬ್ಸಿಡಿಗೆ ಇಟ್ಟಿದ್ದು ಸುಮಾರು 1.05 ಲಕ್ಷ ಕೋಟಿ, ಖರ್ಚಾಗಿದ್ದು 2.5 ಲಕ್ಷ ಕೋಟಿ. ಚೀಲದ ಮೇಲೆ ಅಚ್ಚಾಗದ ಈ ಬೆಲೆ ಕೊಟ್ಟಿದ್ದೂ ನಾವೇ, ತೆರಿಗೆ ರೂಪದಲ್ಲಿ.

ಫೋಟೋ 2 – ಮುಳಬಾಗಿಲು. ಕಾವಲಿ ಮೇಲಿನ ದೋಸೆ

ಮುಳಬಾಗಿಲು ದೋಸೆ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಆದರೆ ಅದರ ಪಕ್ಕದಲ್ಲಿರೋ ಎಣ್ಣೆ ಟಿನ್ ನೋಡಿ.

ಪ್ರಪಂಚದ ಮಾರುಕಟ್ಟೆಗೆ ಬರೋ ಸೂರ್ಯಕಾಂತಿ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಉಕ್ರೇನ್ ಮತ್ತು ರಷ್ಯಾದ್ದು. ಯುದ್ಧಕ್ಕೆ ಮುಂಚೆ ನಮಗೆ ಅತಿ ಹೆಚ್ಚು ಕಳಿಸ್ತಿದ್ದಿದ್ದು ಉಕ್ರೇನ್. ದಾಳಿ ಶುರುವಾದ ಕೂಡ್ಲೆ ಒಡೆಸಾ ಬಂದರಿಂದ ಹಡಗು ಹೊರಡೋದು ನಿಂತಿತು. ಲೀಟರ್ 200 ರೂಪಾಯಿ ಹತ್ತಿರ ಹೋಯ್ತು. ಪಾಮಾಯಿಲ್‌ಗೆ ಹೋಗೋಣ ಅಂದ್ರೆ ಏಪ್ರಿಲ್ 28ರಿಂದ ಇಂಡೋನೇಷ್ಯಾ ಅದರ ರಫ್ತನ್ನೇ ಕೆಲವು ವಾರ ನಿಲ್ಲಿಸಿತು. ಮೇ ತಿಂಗಳಲ್ಲಿ ಹೋಟೆಲಿನ 19 ಕೆಜಿ ಸಿಲಿಂಡರ್ 2,300 ದಾಟಿತು. ಎಣ್ಣೆ, ಗ್ಯಾಸ್ ಎರಡೂ ಒಟ್ಟಿಗೆ ಏರಿದ್ರೆ ದೋಸೆ ಹಾಕೋರು ಏನು ಮಾಡಬೇಕು ಹೇಳಿ?

ಆಗಸ್ಟ್ 1ಕ್ಕೆ ಒಡೆಸಾದಿಂದ ಮತ್ತೆ ಮೊದಲ ಹಡಗು ಹೊರಟಿತು. ಟರ್ಕಿ ಮತ್ತು ವಿಶ್ವಸಂಸ್ಥೆ ಕೂತು ಮಾಡಿಸಿದ ಒಪ್ಪಂದ ಅದು. 2023ರ ಜುಲೈನಲ್ಲಿ ರಷ್ಯಾ ಅದರಿಂದ ಹೊರಗೆ ಬಂತು. ಅಷ್ಟರಲ್ಲಿ ನಮಗೆ ಎಣ್ಣೆ ಕಳಿಸೋದ್ರಲ್ಲಿ ರಷ್ಯಾನೇ ಮುಂದೆ ಬಂದಿತ್ತು, ರೇಟೂ ಇಳಿದಿತ್ತು. ಎಣ್ಣೆ ಇಳೀತು, ತಿಂಡಿ ರೇಟು ಇಳೀಲಿಲ್ಲ. ಇದು ನಿಮ್ಮ ಊರಲ್ಲೂ ಹಾಗೇ ಅಲ್ವಾ?

ನಮ್ಮಜ್ಜಿ ಕಾಲದಲ್ಲಿ ಮನೇಲಿದ್ದಿದ್ದು ಕಡ್ಲೆಕಾಯಿ ಎಣ್ಣೆ, ಹುಚ್ಚೆಳ್ಳೆಣ್ಣೆ. ಎರಡೂ ನಮ್ಮ ಹೊಲದ್ದು, ನಮ್ಮೂರ ಗಾಣದ್ದು.

ಫೋಟೋ 3 – ಕೋಲಾರ. ಎಪಿಎಂಸಿ, ಬೆಳಗ್ಗೆ ಏಳು ಗಂಟೆ

ಏಷ್ಯಾದಲ್ಲೇ ಎರಡನೇ ದೊಡ್ಡ ಟೊಮೆಟೊ ಮಾರ್ಕೆಟ್ ಅಂತ ಹೆಸರಿರೋ ಜಾಗ. ಇಲ್ಲಿಂದ ಹಣ್ಣು ಉತ್ತರ ಭಾರತಕ್ಕೆಲ್ಲ ಹೋಗುತ್ತೆ, ಹೋಗೋದು ಡೀಸೆಲ್ ಮೇಲೆ. 2022ರ ಮಾರ್ಚ್ 22ರಿಂದ ಏಪ್ರಿಲ್ 6ರವರೆಗೆ 16 ದಿನದಲ್ಲಿ 14 ಸಲ ರೇಟು ಏರಿ, ಲೀಟರ್‌ಗೆ ಒಟ್ಟು 10 ರೂಪಾಯಿ ಜಾಸ್ತಿ ಆಯ್ತು. ಬಾಡಿಗೆ ಜಾಸ್ತಿಯಾದ್ರೆ ಕೊಳ್ಳೋರು ಅದನ್ನ ಹರಾಜಿನಲ್ಲೇ ಕಳೀತಾರೆ. ಅಂದ್ರೆ ಹೊಡೆತ ಬೆಳೆದವರಿಗೆ.

ಆಮೇಲಿನ ಕತೆ ನಿಮಗೆ ಗೊತ್ತಿದೆ. ಯುದ್ಧಕ್ಕೆ ಮುಂಚೆ ನಾವು ಕೊಳ್ಳೋ ಕಚ್ಚಾ ತೈಲದಲ್ಲಿ ರಷ್ಯಾದ್ದು ನೂರಕ್ಕೆ ಎರಡೂ ಇರಲಿಲ್ಲ. ರಿಯಾಯಿತಿಯಲ್ಲಿ ಕೊಡ್ತೀವಿ ಅಂದಮೇಲೆ ಮೂರನೇ ಒಂದು ಭಾಗ ದಾಟಿತು. ಆದ್ರೂ 2022ರ ಮೇ ತಿಂಗಳಲ್ಲಿ ಅಬಕಾರಿ ಸುಂಕ ಇಳಿಸಿದ ಮೇಲೆ ಬಂಕಿನ ರೇಟು ಸುಮಾರು ಎರಡು ವರ್ಷ ಅಲ್ಲಾಡಲಿಲ್ಲ. ರಷ್ಯಾದ ತೈಲ ಕೊಳ್ತೀರಿ ಅನ್ನೋ ಕಾರಣಕ್ಕೇ ಅಮೆರಿಕ ನಮ್ಮ ಸರಕಿನ ಮೇಲೆ ಇನ್ನೂ 25 ಪರ್ಸೆಂಟ್ ಸುಂಕ ಹಾಕಿ, 2025ರ ಆಗಸ್ಟ್ 27ರಿಂದ ಅದನ್ನ 50 ಪರ್ಸೆಂಟ್ ಮಾಡಿತು.

ಇಲ್ಲೊಂದು ಮಾತು. 2023ರ ಜುಲೈನಲ್ಲಿ ಇದೇ ಮಾರ್ಕೆಟಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತಲ್ಲ, ಅದಕ್ಕೂ ಯುದ್ಧಕ್ಕೂ ಸಂಬಂಧ ಇಲ್ಲ. ಮಳೆ, ವೈರಸ್ ರೋಗ, ಹಿಂದೆ ರೇಟು ಬಿದ್ದಿದ್ದಕ್ಕೆ ನಾಟಿ ಕಮ್ಮಿಯಾಗಿದ್ದು, ಇವು ಕಾರಣ.

ಫೋಟೋ 4 – ಶ್ರೀನಿವಾಸಪುರ. ರಸ್ತೆ ಬದಿ ಸುರಿದ ತೋತಾಪುರಿ

ಇದು 2025ರ ಜೂನ್. ತೋತಾಪುರಿ ಕೆಜಿಗೆ ಐದು ರೂಪಾಯಿ ಆಸುಪಾಸಿಗೆ ಬಿದ್ದಾಗ ಊರು ಬಂದ್ ಆಯ್ತು. ಫಸಲು ಜಾಸ್ತಿ. ಪಲ್ಪ್ ಕಾರ್ಖಾನೆಗಳಲ್ಲಿ ಹಿಂದಿನ ದಾಸ್ತಾನೇ ಖಾಲಿಯಾಗಿರಲಿಲ್ಲ. ಅದರ ಮೇಲೆ ಪಕ್ಕದ ಚಿತ್ತೂರು ಜಿಲ್ಲೆಯವರು ಹೊರಗಿನ ತೋತಾಪುರಿ ಬರಬಾರದು ಅಂತ ತಡೆದ್ರು. ಕೊನೆಗೆ ಕೇಂದ್ರ ಕ್ವಿಂಟಾಲ್‌ಗೆ 1,616 ರೂಪಾಯಿ ಆಧಾರ ಇಟ್ಟು, 2.5 ಲಕ್ಷ ಟನ್‌ವರೆಗೆ ವ್ಯತ್ಯಾಸ ಕಟ್ಟಿಕೊಡೋಕೆ ಒಪ್ಪಿತು.

ಇದನ್ನೂ ಯುದ್ಧದ ಲೆಕ್ಕಕ್ಕೆ ಬರೆಯೋದು ಸುಲಭ. ನಾನು ಬರೆಯಲ್ಲ. ನಾಲ್ಕು ಫೋಟೋ ಪಕ್ಕಪಕ್ಕ ಇಟ್ಟು ನೋಡಿ. ನಾವು ಕೊಳ್ಳೋ ಗೊಬ್ಬರ, ಎಣ್ಣೆ, ಡೀಸೆಲ್‌ಗೆ ರೇಟು ಕಟ್ಟೋದು ಕಪ್ಪು ಸಮುದ್ರ, ಮಾಸ್ಕೋ, ವಾಷಿಂಗ್ಟನ್. ನಾವು ಮಾರೋ ಟೊಮೆಟೊ, ಮಾವಿಗೆ ರೇಟು ಕಟ್ಟೋದು ಮಳೆ, ಮಂಡಿ, ಚಿತ್ತೂರಿನ ಫ್ಯಾಕ್ಟರಿ ಗೇಟು. ಯುದ್ಧ ಬಂದ್ರೆ ಮೊದಲನೇದು ಏರುತ್ತೆ. ಅದು ಏರಿತು ಅಂತ ಎರಡನೇದು ಏರಲ್ಲ. ಸಾಲ ಹುಟ್ಟೋದು ಇವೆರಡರ ಮಧ್ಯೆ.

ಫೋಟೋ 5 – ಬುಟ್ಟಿ ತುಂಬ ಟೊಮೆಟೊ

ಇದು ನಮ್ಮ ತೋಟದ್ದೇ. ಹಾಕಿರೋದು ಬೇರೆ ಊರಿನ ವಿಷಯ ಹೇಳೋಕೆ.

ಉಕ್ರೇನಿನ ದಕ್ಷಿಣಕ್ಕೆ ಖೆರ್ಸನ್ ಅಂತ ಪ್ರಾಂತ್ಯ ಇದೆ. ಟೊಮೆಟೊಗೆ, ಕಲ್ಲಂಗಡಿಗೆ ಹೆಸರುವಾಸಿ. ಆ ದೇಶದ ಕೋಲಾರ ಅಂದ್ಕೊಳ್ಳಿ. ನಮ್ಮ ಹಾಗೇ ಮಳೆ ಕಮ್ಮಿ ಇರೋ ಸೀಮೆ, ನೀರಿದ್ರೆ ಬೆಳೆ. 2022ರ ಮಾರ್ಚ್ ಮೊದಲ ವಾರದಲ್ಲೇ ಖೆರ್ಸನ್ ನಗರ ರಷ್ಯಾದ ಕೈಗೆ ಹೋಯ್ತು. ನವೆಂಬರ್ 11ಕ್ಕೆ ಉಕ್ರೇನ್ ವಾಪಸ್ ಪಡೀತು. ನಿಪ್ರೊ ನದಿಯ ಆಚೆ ದಡ ಮಾತ್ರ ರಷ್ಯಾದ ಹಿಡಿತದಲ್ಲೇ ಉಳೀತು. 2023ರ ಜೂನ್ 6ರಂದು, ರಷ್ಯಾದ ವಶದಲ್ಲಿದ್ದ ಕಖೋವ್ಕಾ ಅಣೆಕಟ್ಟು ಒಡೀತು. ಕೆಳಗಿನ ಊರುಗಳು ಮುಳುಗಿದ್ವು. ಮೇಲಿನ ಜಲಾಶಯ ಬರಿದಾಗಿ, ಹೊಲಕ್ಕೆ ನೀರು ತರ್ತಿದ್ದ ಕಾಲುವೆಗಳು ಒಣಗಿದ್ವು. ಹೊಲಗಳಲ್ಲಿ ನೆಲಬಾಂಬ್. ಉಳೋಕೆ ಹೋದ ರೈತರು ಟ್ರ್ಯಾಕ್ಟರ್ ಸಮೇತ ಸಿಡಿದು ಸತ್ತಿದ್ದಾರೆ. ಅದಕ್ಕೇ ಅಲ್ಲಿ ಕೆಲವರು ಟ್ರ್ಯಾಕ್ಟರ್‌ಗೆ ರಿಮೋಟ್ ಕಟ್ಟಿ ಮೊದಲು ಅದನ್ನ ಹೊಲಕ್ಕೆ ಬಿಡ್ತಾರೆ.

ನಮಗೆ ಬಿಲ್ ಬಂತು. ಅವರಿಗೆ ಯುದ್ಧವೇ ಬಂತು.

ನಮ್ಮ ರಾಜ್ಯದ ಒಂದು ಮನೆಗೂ ಅದು ಹಾಗೇ ಬಂತು. ಹಾವೇರಿ ಜಿಲ್ಲೆ ಚಳಗೇರಿಯ ನವೀನ್ ಶೇಖರಪ್ಪ ಗ್ಯಾನಗೌಡರ್, 21 ವರ್ಷದ ಮೆಡಿಕಲ್ ವಿದ್ಯಾರ್ಥಿ, 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ತಿನ್ನೋಕೆ ಏನಾದ್ರೂ ತರೋಣ ಅಂತ ಹೋಗಿ ದಾಳಿಗೆ ಸಿಕ್ಕಿ ತೀರಿಕೊಂಡ್ರು. ಮೂರು ವಾರ ಆದಮೇಲೆ ಬಂದ ದೇಹವನ್ನ ಮನೆಯವರು ದಾವಣಗೆರೆಯ ಮೆಡಿಕಲ್ ಕಾಲೇಜಿಗೆ ದಾನ ಕೊಟ್ರು. ಎರಡು ವರ್ಷ ಕಳೆದಮೇಲೆ ಕಲಬುರಗಿಯ ಹುಡುಗರು ಕೆಲಸ ಅಂತ ನಂಬಿ ರಷ್ಯಾಕ್ಕೆ ಹೋಗಿ ಸೇನೆಯಲ್ಲಿ ಸಿಕ್ಕಿಹಾಕಿಕೊಂಡು, ಕಷ್ಟಪಟ್ಟು ವಾಪಸ್ ಬಂದ್ರು.

ನಿಮ್ಮಲ್ಲಿ ಒಂದು ಕೇಳಿಕೆ. ಮನೇಲಿ 2022ರ ಗೊಬ್ಬರದ ಬಿಲ್, ಮಂಡಿ ಚೀಟಿ ಇದ್ರೆ ತೆಗೆದು ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಏನು ಕೊಟ್ರಿ, ಏನು ಬಂತು ಅಂತ ಕೆಳಗೆ ಬರೀರಿ. ಯಾವ ಊರು, ಯಾವ ಬೆಳೆ ಅನ್ನೋದನ್ನೂ ಹಾಕಿ. ಮುಂದಿನ ಭಾಗದಲ್ಲಿ ನಿಮ್ಮ ಲೆಕ್ಕಗಳನ್ನೇ ಹಾಕ್ತೀನಿ.

#ಕೋಲಾರ #ಮಾಲೂರು #ಮುಳಬಾಗಿಲು #ಶ್ರೀನಿವಾಸಪುರ #ರೈತರಲೆಕ್ಕ