ಸೈಲೆನ್ಸರ್ ಪುರಾಣ ಮತ್ತು ಒಂದು ಪಿಸ್ಟನ್

ಈ ಸಲ ಕವನ ಇಲ್ಲ, ಸಿನಿಮಾ ಇಲ್ಲ, ಆಫೀಸಿನ ಗೋಳೂ ಇಲ್ಲ. ಬೈಕ್ ಬಗ್ಗೆ ಸ್ವಲ್ಪ ಕೊರೆಯುವವನಿದ್ದೇನೆ. ಬೈಕ್ ಅಂದರೆ ಆಗದವರೂ ಒಮ್ಮೆ ಓದಿ ನೋಡಿ. ರಾತ್ರಿ ಹನ್ನೊಂದೂವರೆಗೆ ನಿಮ್ಮ ಬೀದಿಯಲ್ಲಿ ಡಬಡಬ ಅಂತ ಹೋಗಿ, ಆಗಷ್ಟೇ ಮಲಗಿದ ಮಗುವನ್ನು ಎಬ್ಬಿಸುವ ಆ ಪುಣ್ಯಾತ್ಮನ ಕಥೆಯೂ ಇದರಲ್ಲಿದೆ :-)

ನನ್ನ ಚಿಕ್ಕಮ್ಮನ ಮಗ ಒಬ್ಬನಿದ್ದಾನೆ. ಮೊದಲ ಕೆಲಸ, ಕಂತಿನಲ್ಲಿ ತಗೊಂಡ 350 ಸಿಸಿ ಬೈಕು. ಮೊನ್ನೆ ಫೋನ್ ಮಾಡಿದ್ದ. "ಅಣ್ಣಾ, ಜೆ.ಸಿ. ರೋಡಲ್ಲಿ ಒಂದು ಸೈಲೆನ್ಸರ್ ನೋಡ್ದೆ. ಫ್ರೀ ಫ್ಲೋ ಅಂತೆ. ಹನ್ನೆರಡು ಸಾವಿರ. ಹಾಕಿದ್ರೆ ಹತ್ತು ಪರ್ಸೆಂಟ್ ಪವರ್ ಜಾಸ್ತಿ ಆಗುತ್ತೆ ಅಂತಾನೆ ಅಂಗಡಿಯವನು. ಹಾಕಿಸ್ಲಾ?"

ಬೇಡ ಅಂತ ಒಂದೇ ಮಾತಲ್ಲಿ ಮುಗಿಸಬಹುದಿತ್ತು. ಆದರೆ ಇಂಜಿನಿಯರಿಂಗ್ ಓದಿದವನ ಹತ್ತಿರ ಪ್ರಶ್ನೆ ಕೇಳಿದವರ ಕಿವಿ ಅಷ್ಟು ಸುಲಭಕ್ಕೆ ಉಳಿಯುವುದಿಲ್ಲ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ನೆಟ್ಟಗೆ ಬರೆಯುತ್ತೇನೆ.

ಎಂಜಿನ್ ಅನ್ನೋದು ಮೂಲತಃ ಒಂದು ಗಾಳಿಯ ಪಂಪು. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಪೆಟ್ರೋಲ್ ಎಷ್ಟು ಬೇಕಾದರೂ ಸುರಿಯಬಹುದು, ಕಷ್ಟ ಇರೋದು ಗಾಳಿ ತುಂಬಿಸೋದರಲ್ಲಿ. ಪವರ್ ಹೆಚ್ಚಿಸುವ ಎಲ್ಲ ಕಸರತ್ತೂ ಕೊನೆಗೆ ಬಂದು ನಿಲ್ಲುವುದು ಮೂರೇ ಕಡೆ. ಒಂದು ಸಲಕ್ಕೆ ಹೆಚ್ಚು ಗಾಳಿ ಒಳಗೆ ಹೋಗಬೇಕು, ಇಲ್ಲಾ ನಿಮಿಷಕ್ಕೆ ಹೆಚ್ಚು ಸಲ ಹೋಗಬೇಕು, ಇಲ್ಲಾ ಹೋದ ಗಾಳಿಯನ್ನು ಚೆನ್ನಾಗಿ ಒತ್ತಿ ಉರಿಸಬೇಕು. ನಾಲ್ಕನೇ ದಾರಿ ಇಲ್ಲ.

ಫ್ರೀ ಫ್ಲೋ ಸೈಲೆನ್ಸರ್ ಏನು ಮಾಡುತ್ತೆ? ಹೊಗೆ ಹೊರಹೋಗುವ ದಾರಿಯ ಅಡ್ಡಿ ಕಡಿಮೆ ಮಾಡುತ್ತೆ. ಒಳ್ಳೇದೇ. ಆದರೆ ಮೆಜೆಸ್ಟಿಕ್ ಬಸ್ಸನ್ನು ನೆನೆಸಿಕೊಳ್ಳಿ. ಇಳಿಯುವ ಬಾಗಿಲು ಎಷ್ಟು ಅಗಲ ಮಾಡಿದರೂ ಹತ್ತುವ ಬಾಗಿಲು ಅಷ್ಟೇ ಇದ್ದರೆ, ಟ್ರಿಪ್ಪಿಗೆ ಎಷ್ಟು ಜನ ಹೆಚ್ಚು ಹೋದಾರು? ವಾಲ್ವು, ಕ್ಯಾಮ್, ಗಾಳಿ ಎಳೆಯುವ ಪೋರ್ಟು ಎಲ್ಲವನ್ನೂ ಕಂಪನಿಯವರು ಒಂದಕ್ಕೊಂದು ಹೊಂದಿಸಿ ಇಟ್ಟಿರುತ್ತಾರೆ. ಒಂದನ್ನು ಮಾತ್ರ ಬದಲಿಸಿದರೆ ಸಿಗುವ ಲಾಭ ಅತ್ಯಲ್ಪ. ಅದರ ಮೇಲೆ, ಗಾಳಿಯ ಲೆಕ್ಕ ಬದಲಾದಾಗ ಪೆಟ್ರೋಲಿನ ಲೆಕ್ಕವೂ ಬದಲಾಗಬೇಕು. ಇಲ್ಲದಿದ್ದರೆ ಮಿಶ್ರಣ ತೆಳ್ಳಗಾಗಿ ಎಂಜಿನ್ ಬಿಸಿಯಾಗುತ್ತೆ.

ಮತ್ತೆ ಹಾಕಿಸಿಕೊಂಡವರೆಲ್ಲ "ಎಳೆತ ಜಾಸ್ತಿ ಆಗಿದೆ ಗುರೂ" ಅಂತಾರಲ್ಲ? ಅದು ಕಿವಿಯ ಮಾಯೆ. ಜೋರು ಸದ್ದನ್ನು ನಮ್ಮ ತಲೆ ವೇಗ ಅಂತ ಓದಿಕೊಳ್ಳುತ್ತೆ. ಇನ್ನೊಂದು ಸಣ್ಣ ಲೆಕ್ಕ ನೋಡಿ. ವೇಗ ಹೆಚ್ಚಾದಂತೆ ಗಾಳಿಯನ್ನು ಸೀಳಿಕೊಂಡು ಹೋಗಲು ಬೇಕಾದ ಪವರ್ ವೇಗದ ಘನದ ಪ್ರಮಾಣದಲ್ಲಿ ಏರುತ್ತೆ. ಟಾಪ್ ಸ್ಪೀಡ್ ಹತ್ತು ಪರ್ಸೆಂಟ್ ಹೆಚ್ಚಬೇಕಾದರೆ 1.1 x 1.1 x 1.1, ಅಂದರೆ ಮೂವತ್ಮೂರು ಪರ್ಸೆಂಟ್ ಹೆಚ್ಚು ಪವರ್ ಬೇಕು. ಅಂಗಡಿಯವನು ಹೇಳಿದ ಹತ್ತು ಪರ್ಸೆಂಟ್ ನಿಜವೇ ಆಗಿದ್ದರೂ ಸ್ಪೀಡೋಮೀಟರ್ ಮುಳ್ಳು ಏರುವುದು ಮೂರು ಪರ್ಸೆಂಟ್ ಮಾತ್ರ.

ಹಾಗಾದರೆ ಸೈಲೆನ್ಸರಿನಿಂದ ಪವರ್ ಬರೋದೇ ಸುಳ್ಳಾ? ಅಲ್ಲ. ಟೂ ಸ್ಟ್ರೋಕಿನ ಕಥೆ ಬೇರೆ. ಈ ನಂಬಿಕೆ ನಮ್ಮಲ್ಲಿ ಬೇರೂರಿದ್ದೂ ಬಹುಶಃ ಅಲ್ಲಿಂದಲೇ.

ಯಮಹಾ ಆರ್‌ಎಕ್ಸ್ 100 ಗೊತ್ತಲ್ಲ. 1985ರಿಂದ 1996ರವರೆಗೆ ನಮ್ಮಲ್ಲಿ ತಯಾರಾಯಿತು. 50 ಮಿ.ಮೀ. ಬೋರು, 50 ಮಿ.ಮೀ. ಸ್ಟ್ರೋಕು, 98 ಸಿಸಿ, 11 ಹಾರ್ಸ್‌ಪವರ್. ಇಂಥ ಟೂ ಸ್ಟ್ರೋಕಿನಲ್ಲಿ ಫೋರ್ ಸ್ಟ್ರೋಕಿನ ಥರದ ವಾಲ್ವು ಇಲ್ಲ. ಸಿಲಿಂಡರ್ ಗೋಡೆಯ ಕಿಂಡಿಗಳನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತೆ. ಹೊಸ ಮಿಶ್ರಣ ಒಳಬರುವಾಗ ಹೊಗೆ ಹೋಗುವ ಕಿಂಡಿಯೂ ತೆರೆದೇ ಇರುತ್ತೆ, ಹಾಗಾಗಿ ಉರಿಯದ ಪೆಟ್ರೋಲ್ ಒಂದಷ್ಟು ಸೀದಾ ಹೊರಗೆ. ಇದನ್ನು ತಡೆಯುವುದು ಒಂದು ಕೊಳವೆ. ಹೊಗೆಯ ಜೊತೆ ಹೊರಟ ಒತ್ತಡದ ಅಲೆ ಕೊಳವೆಯ ಅಗಲವಾಗುವ ಭಾಗಕ್ಕೆ ಬಂದಾಗ ಎಳೆತವಾಗಿ ಹಿಂದಿರುಗಿ ಸಿಲಿಂಡರನ್ನು ಖಾಲಿ ಮಾಡುತ್ತೆ. ಮುಂದೆ ಕಿರಿದಾಗುವ ಭಾಗಕ್ಕೆ ಬಡಿದಾಗ ತಳ್ಳುವ ಅಲೆಯಾಗಿ ವಾಪಸ್ ಬಂದು, ಹೊರಗೆ ಇಣುಕಿದ ಮಿಶ್ರಣವನ್ನು ಕಿಂಡಿ ಮುಚ್ಚುವ ಮುಂಚೆ ಒಳಕ್ಕೆ ನೂಕುತ್ತೆ. ಬಸ್ಸಿನಿಂದ ಜಾರುತ್ತಿದ್ದವನನ್ನು ಕಂಡಕ್ಟರ್ ಕತ್ತಿನ ಪಟ್ಟಿ ಹಿಡಿದು ಒಳಗೆ ಎಳೆದುಕೊಂಡ ಹಾಗೆ!

ಎಲ್ಲಾ ಇರುವುದು ಸಮಯದಲ್ಲಿ. ನಿಮಿಷಕ್ಕೆ 7500 ಸುತ್ತು ಅಂದರೆ ಒಂದು ಸುತ್ತಿಗೆ 8 ಮಿಲಿಸೆಕೆಂಡ್. ಕಿಂಡಿ ತೆರೆದಿರುವುದು ಸುಮಾರು ಅದರರ್ಧ, 4 ಮಿಲಿಸೆಕೆಂಡ್. ಬಿಸಿ ಹೊಗೆಯಲ್ಲಿ ಅಲೆ ಸೆಕೆಂಡಿಗೆ ಸುಮಾರು 500 ಮೀಟರ್ ಓಡುತ್ತೆ. ಹೋಗಿಬರುವ ದಾರಿ 2 ಮೀಟರ್, ಅಂದರೆ ಕೊಳವೆ ಹೆಚ್ಚುಕಮ್ಮಿ 1 ಮೀಟರ್. ಸುತ್ತು ಅರ್ಧಕ್ಕೆ ಇಳಿದರೆ ಅದೇ ಅಲೆ ಬೇಗ ಬಂದು ಕೆಲಸ ಕೆಡಿಸುತ್ತೆ. ಅದಕ್ಕೇ ರೇಸಿನ ಪೈಪು ಹಾಕಿದ ಬೈಕು ಮೇಲೆ ಹುಲಿ, ಟ್ರಾಫಿಕ್ಕಿನಲ್ಲಿ ಕತ್ತೆ.

ಈ ವಿದ್ಯೆಯನ್ನು ಪಳಗಿಸಿದವರು ಪೂರ್ವ ಜರ್ಮನಿಯ ಎಂಝಡ್ ಕಂಪನಿಯ ವಾಲ್ಟರ್ ಕಾಡೆನ್. 1961ಕ್ಕೆ ಅವರ 125 ಸಿಸಿ ರೇಸ್ ಎಂಜಿನ್ 25 ಹಾರ್ಸ್‌ಪವರ್ ಕೊಡುತ್ತಿತ್ತು. ಅದೇ ವರ್ಷ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿಗೆ ಹೋದವನು ವಾಪಸ್ ದೇಶಕ್ಕೆ ಹೋಗಲೇ ಇಲ್ಲ. ಎಂಝಡ್‌ನಲ್ಲಿ ಕಲಿತದ್ದನ್ನು ಹೊತ್ತು ಜಪಾನಿನ ಸುಝುಕಿ ಸೇರಿದ. 1962ರಲ್ಲಿ ಸುಝುಕಿ ಮೇಲೆ ಕೂತು 50 ಸಿಸಿ ವಿಶ್ವ ಚಾಂಪಿಯನ್ ಆದ. ಒಂದು ಕೊಳವೆಯ ಆಕಾರಕ್ಕೆ ಇಷ್ಟು ಬೆಲೆ ಇತ್ತು ನೋಡಿ.

ಆದರೆ ಕಾಡೆನ್ ಮಾಡಿದ್ದು ಸದ್ದು ಹೆಚ್ಚಿಸುವ ಕೆಲಸ ಅಲ್ಲ, ಅಳತೆಯ ಕೆಲಸ. ಆರ್‌ಎಕ್ಸ್ ಸೈಲೆನ್ಸರಿನ ಒಳಗಿನ ಬ್ಯಾಫಲ್ ಕಿತ್ತು ಬಿಸಾಕಿ "ಟ್ಯೂನ್ ಮಾಡ್ಸಿದೀನಿ" ಅನ್ನುವವರಿಗೂ ಅದಕ್ಕೂ ಸಂಬಂಧ ಇಲ್ಲ. ಹಳೇ ಟೂ ಸ್ಟ್ರೋಕಿಗೆ ಪವರ್ ಬೇಕಿದ್ದರೆ ಮೊದಲು ಸೈಲೆನ್ಸರಿನಲ್ಲಿ ಕಟ್ಟಿದ ಆಯಿಲ್ ಮಸಿ ತೆಗೆಸಿ. ಕಡಿಮೆ ಖರ್ಚು, ನಿಜವಾದ ಎಳೆತ.

ಇನ್ನು ಈಗಿನ ಬೈಕು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂದ ಮೇಲೆ ಬಹುತೇಕ ಹೊಸ ಬೈಕುಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು. ಎಷ್ಟು ಸುತ್ತು, ಎಷ್ಟು ಥ್ರಾಟಲ್, ಅದಕ್ಕೆ ಎಷ್ಟು ಪೆಟ್ರೋಲ್, ಇದೆಲ್ಲ ಇಸಿಯು ಒಳಗಿನ ಒಂದು ಟೇಬಲ್. ನಮ್ಮಂಥ ಕೋಡ್ ಕುಟ್ಟುವವರಿಗೆ ಪರಿಚಯದ ಮುಖ! ಈ ಟೇಬಲನ್ನು ತಿದ್ದುವ ಪುಟ್ಟ ಡಬ್ಬಿಗಳನ್ನು ನಮ್ಮ ಬೆಂಗಳೂರಿನ ರೇಸ್ ಡೈನಮಿಕ್ಸ್‌ನವರು ಪವರ್‌ಟ್ರಾನಿಕ್ ಹೆಸರಿನಲ್ಲಿ ಮಾಡುತ್ತಾರೆ. ಇಂಥದ್ದರಲ್ಲಿ ಕನಿಷ್ಠ ಒಂದು ಮರ್ಯಾದೆ ಇದೆ. ಬೈಕನ್ನು ಡೈನೋ ಮೇಲೆ ಓಡಿಸಿ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಅಂತ ಗ್ರಾಫ್ ನೋಡಬಹುದು. ಯಾವುದೇ ಪಾರ್ಟು ಮಾರುವವರನ್ನು ಕೇಳಬೇಕಾದ ಪ್ರಶ್ನೆ ಇದೊಂದೇ: ಗ್ರಾಫ್ ಇದೆಯಾ?

ಕಾನೂನನ್ನೂ ಹೇಳಿಬಿಡುತ್ತೇನೆ. 2019ರ ತಿದ್ದುಪಡಿಯ ನಂತರ ಗಾಡಿಯನ್ನು ಕಾನೂನುಬಾಹಿರವಾಗಿ ಮಾರ್ಪಡಿಸಿದರೆ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಇದೆ. ಸದ್ದು, ಹೊಗೆಯ ಮಿತಿ ಮೀರಿದರೆ ಮೊದಲ ಸಲಕ್ಕೇ 10,000ದವರೆಗೆ ದಂಡ ಹಾಕಬಹುದು.

ಇಷ್ಟೆಲ್ಲಾ ಕೇಳಿಸಿಕೊಂಡ ನಮ್ಮ ಹುಡುಗ ಏನಂದ ಗೊತ್ತಾ? "ಪವರ್ ಗಿವರ್ ಬಿಡಣ್ಣಾ. ಸೌಂಡ್ ಮಸ್ತಾಗಿದೆ."

ಪಾಪ, ಪ್ರಾಮಾಣಿಕ! ಈ ವ್ಯಾಪಾರದ ಅರ್ಧ ಸತ್ಯವನ್ನು ಒಂದೇ ಸಾಲಲ್ಲಿ ಹೇಳಿಬಿಟ್ಟ. ಇಂದೋರಿ, ಪಂಜಾಬಿ, ಗೋಲ್ಡ್‌ಸ್ಟಾರ್ ಅಂತ ಸಾಲಾಗಿ ನೇತು ಹಾಕಿರುತ್ತಾರಲ್ಲ, ಅಲ್ಲಿ ಮಾರುವುದು ಹಾರ್ಸ್‌ಪವರ್ ಅಲ್ಲ, ನಾಲ್ಕು ಜನ ತಿರುಗಿ ನೋಡುವ ಸುಖ.

ಇನ್ನರ್ಧ ಸತ್ಯ ನಮ್ಮ ಮನೆಯಲ್ಲಿದೆ.

ಅಪ್ಪನ ಹತ್ತಿರ ಒಂದು ಯೆಜ್ಡಿ ಇದೆ, ನಾನು ಹುಟ್ಟುವ ಮೊದಲೇ ಹಾಸನದ ನಮ್ಮ ಮನೆಗೆ ಬಂದದ್ದು. 250 ಸಿಸಿ, ಎರಡು ಸೈಲೆನ್ಸರು, ಕಿಕ್ಕರೇ ಗೇರ್. ಅದನ್ನು ಮಾಡಿದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲಿ ಮುಚ್ಚಿಹೋಯಿತು. 2022ರಲ್ಲಿ ಯೆಜ್ಡಿ ಹೆಸರು ವಾಪಸ್ ಬಂತು, ಆದರೆ ಅದು ಫೋರ್ ಸ್ಟ್ರೋಕ್, ಅದರ ಎಂಜಿನ್ ಪಾರ್ಟು ಇದಕ್ಕೆ ಆಗೋದಿಲ್ಲ. ಅಂದರೆ ಅಪ್ಪನ ಬೈಕಿಗೆ ಹೊಸದಾಗಿ ಹಾಕುವ ಪ್ರತಿ ರಿಂಗು, ಗ್ಯಾಸ್ಕೆಟ್ಟು, ಕ್ಲಚ್ ಪ್ಲೇಟು ಆಫ್ಟರ್‌ಮಾರ್ಕೆಟ್‌ದೇ. ಆ ಮಾರುಕಟ್ಟೆ ಇಲ್ಲದಿದ್ದರೆ ಬೈಕು ಗುಜರಿಗೆ.

ಕೆಲವು ವರ್ಷಗಳ ಹಿಂದೆ ಸಿಲಿಂಡರ್ ಸವೆದಿತ್ತು. ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಿದರು. ಪಿಸ್ಟನ್ ಬಂದದ್ದು ದೊಡ್ಡ ಊರಿನ ಒಂದು ಅಂಗಡಿಯಿಂದ, ಹೆಸರಾಂತ ಬ್ರ್ಯಾಂಡಿನ ಡಬ್ಬಿಯಲ್ಲಿ. ಸುಮಾರು ಎರಡು ವಾರ ಸರಿಯಾಗೇ ಓಡಿತು. ಅಪ್ಪ ಅಮ್ಮ ಚನ್ನರಾಯಪಟ್ಟಣಕ್ಕೆ ಮದುವೆಗೆ ಹೊರಟಿದ್ದರು. ದಾರಿಯಲ್ಲಿ ಎಂಜಿನ್ ಜಾಮ್ ಆಯಿತು. ಪಿಸ್ಟನ್ ಕಚ್ಚಿಕೊಂಡರೆ ಹಿಂದಿನ ಚಕ್ರ ಕೂಡಲೇ ನಿಂತುಬಿಡುತ್ತೆ. ಅಪ್ಪನ ಕೈ ತಾನಾಗೇ ಕ್ಲಚ್ ಎಳೆಯಿತು, ಬೈಕು ಒಂದಷ್ಟು ಜಾರಿ ರಸ್ತೆ ಪಕ್ಕಕ್ಕೆ ನಿಂತಿತು. ಹಿಂದೆ ಲಾರಿ ಬರುತ್ತಿತ್ತು. ಅದರ ಡ್ರೈವರ್ ಪುಣ್ಯಾತ್ಮ, ಬ್ರೇಕ್ ಹೊಡೆದ.

ಬಿಚ್ಚಿ ನೋಡಿದಾಗ ಪಿಸ್ಟನ್ ಮೈತುಂಬ ಗೀರು. ಅಲ್ಯೂಮಿನಿಯಂ ಬಿಸಿಗೆ ಎರಕದ ಕಬ್ಬಿಣಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು ಹಿಗ್ಗುತ್ತೆ. ಅದಕ್ಕೇ ಒಳ್ಳೆಯ ಪಿಸ್ಟನ್ನಿಗೆ ಸಿಲಿಕಾನ್ ಬೆರೆಸಿ ಹಿಗ್ಗುವುದನ್ನು ತಗ್ಗಿಸುತ್ತಾರೆ. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಇರುವ ಜಾಗ ಕೂದಲೆಳೆಯಷ್ಟು. ಲೋಹದಲ್ಲಿ ಸ್ವಲ್ಪ ಕಳ್ಳತನ ಮಾಡಿದರೂ ಆ ಜಾಗ ಬಿಸಿಗೆ ಮಾಯ. ಡಬ್ಬಿಯನ್ನು ಇನ್ನೊಮ್ಮೆ ನೋಡಿದರೆ ಬ್ರ್ಯಾಂಡಿನ ಹೆಸರಲ್ಲೇ ಒಂದಕ್ಷರ ತಪ್ಪು. ಅಂಗಡಿಯವರು ಹೇಳಿದ್ದು ಇಷ್ಟೇ: "ಸ್ಪೇರ್ಸಿಗೆ ಗ್ಯಾರಂಟಿ ಇರಲ್ಲ ಸಾರ್."

ಎರಡನೇ ಪಿಸ್ಟನ್ ಸಿಕ್ಕಿದ್ದು ಮೈಸೂರಿನಲ್ಲಿ, ಹಳೇ ಸ್ಟಾಕು ಇಟ್ಟುಕೊಂಡ ಒಬ್ಬ ಹಿರಿಯರ ಹತ್ತಿರ. ಅಪ್ಪ ದುಡ್ಡು ತೆಗೆದು ಮೇಜಿನ ಮೇಲಿಟ್ಟರೂ ಅವರು ಪಿಸ್ಟನ್ ಕೊಡಲಿಲ್ಲ. "ಮೊದಲು ಬ್ಯಾರೆಲ್ ತಗೊಂಬನ್ನಿ. ಅಳತೆ ನೋಡದೆ ಕೊಡಲ್ಲ," ಅಂದರಂತೆ. ಮುಂದಿನ ವಾರ ಅಪ್ಪ ಬ್ಯಾರೆಲನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಹೋದರು. ಅವರು ಮೈಕ್ರೋಮೀಟರ್ ಇಟ್ಟು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು, ಇದ್ದ ಪಿಸ್ಟನ್‌ಗಳಲ್ಲಿ ಹೊಂದುವುದನ್ನು ಹುಡುಕಿ, ಬೋರಿಂಗ್‌ನವನಿಗೆ ಒಂದು ಚೀಟಿ ಬರೆದುಕೊಟ್ಟರು. ಆ ಪಿಸ್ಟನ್ ಇವತ್ತಿಗೂ ಓಡುತ್ತಿದೆ. ಅಮ್ಮ ಮಾತ್ರ ಆಮೇಲೆ ಯೆಜ್ಡಿ ಮೇಲೆ ಕೂತಿಲ್ಲ. ಮದುವೆ ಮುಂಜಿ ಎಲ್ಲಾ ಬಸ್ಸಲ್ಲೇ.

ಹೀಗೆ ಒಂದೇ ವ್ಯಾಪಾರದಲ್ಲಿ ಒಬ್ಬರು ಇಲ್ಲದ ಪವರನ್ನು ಮಾರುತ್ತಾರೆ, ಇನ್ನೊಬ್ಬರು ಸುಳ್ಳು ಡಬ್ಬಿ ಮಾರುತ್ತಾರೆ, ಮತ್ತೊಬ್ಬರು ದುಡ್ಡು ಕಣ್ಣೆದುರಿಗಿದ್ದರೂ ಅಳತೆ ಸಿಗುವ ತನಕ ಮಾರುವುದಿಲ್ಲ. ಬಿಡಿಭಾಗ ಕೊಳ್ಳುವವರು ನಾವು, ಆದರೆ ಅದರ ಗುಣ ನಮ್ಮ ಕಣ್ಣಿಗೆ ಕಾಣಲ್ಲ. ಡಬ್ಬಿ ಕಾಣುತ್ತೆ, ಸದ್ದು ಕೇಳುತ್ತೆ, ಅಷ್ಟೇ. ಹಾಗಾಗಿ ನಾವು ನಿಜವಾಗಿ ಕೊಳ್ಳುವುದು ಆ ಮನುಷ್ಯನ ಮಾತನ್ನು. ಡೈನೋ ಗ್ರಾಫ್ ಆಗಲಿ, ಮೈಕ್ರೋಮೀಟರ್ ಆಗಲಿ, ತನ್ನ ಮಾತನ್ನು ಅಳೆದು ನೋಡಲು ಒಪ್ಪುವವನ ಹತ್ತಿರ ನಾಲ್ಕು ಕಾಸು ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ನಿಮ್ಮೂರಲ್ಲಿ ಹೀಗೆ ಬ್ಯಾರೆಲ್ ನೋಡದೆ ಪಿಸ್ಟನ್ ಕೊಡದ ಅಂಗಡಿ ಯಾವುದಾದರೂ ಇದ್ದರೆ ಕೆಳಗೆ ಬರೆದು ತಿಳಿಸಿ. ಹಳೇ ಬೈಕು ಇಟ್ಟುಕೊಂಡ ಬಡಪಾಯಿಗಳಿಗೆ ಉಪಕಾರವಾದೀತು. ಸೌಂಡ್ ಚೆನ್ನಾಗಿರುವ ಸೈಲೆನ್ಸರ್ ಅಂಗಡಿಯ ವಿಳಾಸ ಮಾತ್ರ ದಯವಿಟ್ಟು ಬೇಡ, ನಮ್ಮ ಹುಡುಗನೂ ಇದನ್ನು ಓದುತ್ತಾನೆ :-)