ಹೆಸರು ಸುಗ್ಗಿ ಮತ್ತು ಖೋ ಖೋ ತಂಡ

ನಮ್ಮ ಸವಡಿಯಲ್ಲಿ ಹೆಸರು ಬಿಡಿಸುವ ಹೊತ್ತಿಗೇ ಶಾಲೆ ಆಟಗಳೂ ಬರುತ್ತವೆ. ನಾವು ಹೈಸ್ಕೂಲಿನಲ್ಲಿದ್ದಾಗ ನಮ್ಮ ಖೋ ಖೋ ತಂಡ ರೋಣ ತಾಲೂಕಿಗೇ ಮೊದಲು ಬಂತು. ತಂಡದಲ್ಲಿ 12 ಮಂದಿ, ಅಂಕಣಕ್ಕಿಳಿಯುವವರು 9. ಜಿಲ್ಲಾ ಪಂದ್ಯದ ದಿನ ಮೂವರು ಹೊಲಕ್ಕೆ ಹೋದರು. ಬದಲಿ ಆಟಗಾರರೇ ಇಲ್ಲ. ಒಬ್ಬನ ಕಾಲು ಉಳುಕಿತು, ಸೋತೆವು.

ಜಿಲ್ಲೆ ಗೆದ್ದರೆ ಬೆಳಗಾವಿ ವಿಭಾಗ, ಆಮೇಲೆ ರಾಜ್ಯ ಮಟ್ಟ. ಅಲ್ಲಿಯವರೆಗೆ ಗೆದ್ದ ಶಾಲೆಯ ತಂಡವೇ ಹೋಗುತ್ತದೆ. ರಾಷ್ಟ್ರ ಮಟ್ಟಕ್ಕೆ ಮಾತ್ರ ಹಲವು ತಂಡಗಳಿಂದ ಚಲೋ ಆಡಿದವರನ್ನು ಆರಿಸುತ್ತಾರೆ. ಆರಿಸುವವರ ಕಣ್ಣಿಗೆ ಬೀಳಲು ಅಲ್ಲಿಗೆ ಮುಟ್ಟಬೇಕಲ್ಲ!

ಅಪ್ಪಂದಿರದೂ ತಪ್ಪಿಲ್ಲ, ಮಳೆ ಹಿಡಿದರೆ ಹೆಸರು ಗಿಡದಲ್ಲೇ ಮೊಳಕೆಯೊಡೆಯುತ್ತದೆ. ಆ ಮೂವರಲ್ಲಿ ಒಬ್ಬ ಈಗಲೂ ಸಿಕ್ಕಾಗ, ‘ಅವತ್ತೊಂದಿನ ಬಿಟ್ಟಿದ್ರ...’ ಅಂತಾನೆ. ಆಟದ ಸುದ್ದಿ ಬರೆಯುವಾಗೆಲ್ಲ ನಮಗೆ ಅದೇ ಮಾತು ನೆನಪಾಗುತ್ತದೆ. ಆ ಒಂದು ದಿನ ಓಣಿಯವರು ಮುಯ್ಯಾಳಾಗಿ ಹೋದರೆ ಹುಡುಗರು ಆಡಲು ಹೋಗಬಹುದಲ್ಲವೇ?