ಅತಿಥಿಗೆ ಪ್ರವೇಶವಿಲ್ಲ

ಮನೆಯೊಳಗೆ ಸಂಸ್ಥೆ ಯಾವುದು? ವಿಂಡೋಸ್ 11 ಪ್ರೊ ಇರುವ ಲ್ಯಾಪ್‌ಟಾಪಿಗೆ 2024ರ 24ಎಚ್2 ಅಪ್‌ಡೇಟ್ ಬಂದು ಕುಳಿತ ಮೇಲೆ ಎಷ್ಟೋ ಹಜಾರಗಳಲ್ಲಿ ಈ ಪ್ರಶ್ನೆ ಎದ್ದಿದೆ. ರೂಟರಿನ ಬೆನ್ನಿಗೆ ಸಿಕ್ಕಿಸಿದ ಹಾರ್ಡ್ ಡಿಸ್ಕು ಇದ್ದಲ್ಲೇ ಇದೆ, ಅದರ ನೀಲಿ ದೀಪ ಮಿನುಗುತ್ತಿದೆ, ಅದರೊಳಗಿನ ಸಿನಿಮಾ ಟಿವಿಯಲ್ಲಿ ಓಡುತ್ತಲೂ ಇದೆ. ಲ್ಯಾಪ್‌ಟಾಪ್ ಮಾತ್ರ, ನಿಮ್ಮ ಸಂಸ್ಥೆಯ ಭದ್ರತಾ ನೀತಿಯು ಗುರುತಿಲ್ಲದ ಅತಿಥಿಗಳ ಪ್ರವೇಶವನ್ನು ತಡೆದಿದೆ ಎಂದು ಇಂಗ್ಲಿಷಿನಲ್ಲಿ ಗಂಭೀರವಾಗಿ ತಿಳಿಸುತ್ತದೆ. ಎರಡು ಕೋಣೆಯ ಮನೆಗೆ ಭದ್ರತಾ ನೀತಿ ಯಾವಾಗ ಬಂತು, ಅದನ್ನು ಅಂಗೀಕರಿಸಿದ ಸಭೆ ಎಂದು ನಡೆಯಿತು, ಅತ್ತೆಯವರಿಗೆ ಹೇಳಿ ಮಾಡಿದ್ದೋ ಹೇಳದೆ ಮಾಡಿದ್ದೋ, ಯಾವುದಕ್ಕೂ ಉತ್ತರವಿಲ್ಲ.

ಸಿಟ್ಟು ಬರಬೇಕಾದ ಈ ಗಳಿಗೆಯಲ್ಲಿ ಒಳಗೊಳಗೇ ಖುಷಿಪಡುವ ಒಂದು ಜಾತಿಯ ಜನ ಇದ್ದಾರೆ. ರೂಟರಿನ ಡಿಸ್ಕು ತನ್ನ ಪಾಡಿಗೆ ಕೆಲಸ ಮಾಡಿಕೊಂಡಿದ್ದರೆ ಇವರಿಗೆ ಬೇಸರ. ಫೈಲು ಇಡಲು ತಿಂಗಳ ಬಾಡಿಗೆಯ ಕ್ಲೌಡ್ ಇದೆ; ದುಡ್ಡಿದ್ದವರಿಗೆ ಎರಡು ಡಿಸ್ಕು ಹಿಡಿಯುವ ನ್ಯಾಸ್ ಪೆಟ್ಟಿಗೆ ಇದೆ. ಅವೆರಡನ್ನೂ ಬಿಟ್ಟು, ಸತ್ತ ಲ್ಯಾಪ್‌ಟಾಪಿನಿಂದ ಕಳಚಿದ ಡಿಸ್ಕಿಗೆ ಬೆಂಗಳೂರಿನ ಎಸ್.ಪಿ. ರೋಡಿನಿಂದ ಒಂದು ಪ್ಲಾಸ್ಟಿಕ್ ಕವಚ ತಂದು ತೊಡಿಸಿ, ರೂಟರಿಗೆ ಸಿಕ್ಕಿಸಿ, ಇಡೀ ಮನೆಗೆ ಹಂಚುವುದರಲ್ಲಿ ಇವರ ಸುಖ. ಅದು ಕೈಕೊಟ್ಟಾಗ ಆ ಸುಖ ಇಮ್ಮಡಿ. ಅಡುಗೆಮನೆಯಿಂದ "ರೀ, ಹುರುಳೀಕಾಯಿ ಹೆಚ್ಚಿಕೊಡ್ತೀರೋ, ಆ ಡಬ್ಬಿ ಮುಂದೇನೇ ಕೂತಿರ್ತೀರೋ?" ಎಂಬ ಕೂಗು ಬಂದರೆ "ಐದೇ ನಿಮಿಷ ಕಣೇ" ಎಂಬ ಉತ್ತರ ಸಿದ್ಧವಿರುತ್ತದೆ. ಆ ಐದು ನಿಮಿಷ ಊಟದ ಹೊತ್ತಿಗೆ ಮುಗಿದರೆ ಪುಣ್ಯ.

ಈ ಗೀಳಿನಲ್ಲಿ ಪಳಗಿದವರ ಮೇಜಿನ ಖಾನೆಯಲ್ಲಿ ಒಂದು ಹಳೆಯ ಪೆನ್‌ಡ್ರೈವ್ ಇರುತ್ತದೆ. 8 ಜಿಬಿಯದಾದರೆ ಧಾರಾಳ. ಫ್ಯಾಟ್32 ಫಾರ್ಮ್ಯಾಟ್, ಒಂದೇ ಪಾರ್ಟಿಶನ್, ಒಳಗೆ ಮೂರೇ ಫೈಲು: ಎರಡು ಸಾಲಿನ ಒಂದು ಟೆಕ್ಸ್ಟ್ ಫೈಲು, 1 ಜಿಬಿ ಆಸುಪಾಸಿನ ಒಂದು ವಿಡಿಯೊ, ಕನ್ನಡದಲ್ಲಿ ಹೆಸರಿಟ್ಟ ಒಂದು ಫೋಟೊ. ಎಲೆಕ್ಟ್ರಿಷಿಯನ್ ಜೇಬಿನಲ್ಲಿರುವ ಟೆಸ್ಟರಿನಂಥದ್ದು ಇದು. ಇದರಿಂದ ಬೇರೆ ಯಾವ ಕೆಲಸವನ್ನೂ ಮಾಡಿಸಬಾರದು.

ತಕರಾರಿನ ಡಿಸ್ಕನ್ನು ತೆಗೆದು ಅದೇ ಕಿಂಡಿಗೆ ಈ ಪೆನ್‌ಡ್ರೈವ್ ಸಿಕ್ಕಿಸಬೇಕು. ಲ್ಯಾಪ್‌ಟಾಪಿನ 'ನೆಟ್‌ವರ್ಕ್' ಐಕಾನು ಒತ್ತಿ, ರೂಟರಿನ ಚಿತ್ರ ಮೂಡೀತೆಂದು ಕಾಯುವವರು ಕಾಯಲಿ. ಅದು ಮೂಡಿದರೂ ಏನೂ ಸಿದ್ಧವಾಗದು, ಮೂಡದಿದ್ದರೂ ಆಗದು. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ, ರೂಟರಿನ ವಿಳಾಸವನ್ನು ಅಂಕಿಯಲ್ಲೇ ಕುಟ್ಟಬೇಕು. ಬಹಳಷ್ಟು ಮನೆಗಳಲ್ಲಿ ಅದು 192.168.1.1 ಅಥವಾ 192.168.0.1. ಪೆನ್‌ಡ್ರೈವ್ ತೆರೆದುಕೊಂಡಿತೋ, ರೂಟರೂ ಲ್ಯಾಪ್‌ಟಾಪೂ ನಿರ್ದೋಷಿಗಳು, ಕಳ್ಳ ಡಿಸ್ಕಿನಲ್ಲೇ ಇದ್ದಾನೆ. ಅದು ಎಕ್ಸ್‌ಫ್ಯಾಟ್ ಆಗಿರಬಹುದು. ಲಿನಕ್ಸ್ ಕರ್ನಲ್ಲಿಗೆ ಎಕ್ಸ್‌ಫ್ಯಾಟ್ ಮೊದಲು ಸೇರಿದ್ದು 2019ರಲ್ಲಿ. ಅದಕ್ಕಿಂತ ಹಳೆಯ ಕರ್ನಲ್ ಹೊತ್ತ ಅನೇಕ ರೂಟರುಗಳಿಗೆ ಆ ಡಿಸ್ಕು ಕಣ್ಣಿಗೇ ಬೀಳದು. ಅಥವಾ 2 ಟಿಬಿ ಮೀರಿದ ಡಿಸ್ಕಿಗೆ ಬೇಕಾಗುವ ಜಿಪಿಟಿ ಪಾರ್ಟಿಶನ್ ಪಟ್ಟಿ ಆ ರೂಟರಿಗೆ ಅರ್ಥವಾಗದಿರಬಹುದು. ಅಂಕಿ ಕೊಟ್ಟರೆ ತೆರೆದು, ರೂಟರಿನ ಹೆಸರು ಕೊಟ್ಟರೆ ತೆರೆಯದಿದ್ದರೆ ಡಿಸ್ಕಿನ ಗೊಡವೆಯೇ ಬೇಡ. ಹಳೆಯ ರೂಟರು ನೆಟ್‌ಬಯಾಸ್ ಎಂಬ ಹಳೆಯ ರೀತಿಯಲ್ಲಿ ತನ್ನ ಹೆಸರು ಕೂಗುತ್ತಿರುತ್ತದೆ, ಈಗಿನ ವಿಂಡೋಸ್ ಡಬ್ಲ್ಯುಎಸ್-ಡಿಸ್ಕವರಿ ಎಂಬ ಇನ್ನೊಂದು ರೀತಿಗೆ ಕಿವಿಗೊಟ್ಟು ಕೂತಿರುತ್ತದೆ. ಟೆಕ್ಸ್ಟ್ ಫೈಲು ತಟ್ಟನೆ ತೆರೆದು ವಿಡಿಯೊ ಅರ್ಧದಲ್ಲಿ ಉಸಿರುಗಟ್ಟಿದರೆ ವೈಫೈ ಕಡೆ ನೋಡಬೇಕು. ಮೂರನೆಯ ಫೈಲಿನ ವಿಚಾರ ಆಮೇಲೆ.

ಈ ಪೆನ್‌ಡ್ರೈವಿಗೆ ಶತ್ರುಗಳೆಂದರೆ ಮನೆಯವರೇ. ಮಗಳಿಗೆ ಪ್ರಾಜೆಕ್ಟ್ ಪ್ರಿಂಟ್ ಬೇಕಾದ ದಿನ ಖಾನೆಯಲ್ಲಿ ಮೊದಲು ಕೈಗೆ ಸಿಗುವುದು ಇದು. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ಒಂದು ಸಲ ಹೋಗಿ ಬಂದರೆ ಒಳಗಿನ ಫೈಲುಗಳೆಲ್ಲ ಶಾರ್ಟ್‌ಕಟ್‌ಗಳಾಗಿ ಮಾರ್ಪಟ್ಟು, ಜೊತೆಗೆ ಒಂದು ವೈರಸ್ಸನ್ನೂ ಹೊತ್ತು ಬರುತ್ತದೆ. ಅದಕ್ಕೇ ಜಾಣರು ಅದರ ಮೇಲೆ 'ಕೆಟ್ಟಿದೆ' ಎಂದು ಚೀಟಿ ಅಂಟಿಸಿಡುತ್ತಾರೆ.

ಡಿಸ್ಕಿನಿಂದ ಟಿಕ್, ಟಿಕ್ ಎಂಬ ಸದ್ದು ಬರುತ್ತಿದ್ದರೆ ಪೆನ್‌ಡ್ರೈವ್ ಪರೀಕ್ಷೆಯೂ ಬೇಕಿಲ್ಲ. ಯುಎಸ್‌ಬಿ 2.0 ಕಿಂಡಿ ಕೊಡಬೇಕಾದ ಕರೆಂಟು 500 ಮಿಲಿಆಂಪಿಯರ್, 3.0 ಕಿಂಡಿಯದು 900. ಎರಡೂವರೆ ಇಂಚಿನ ಡಿಸ್ಕಿನ ಮೋಟರು ನಿಂತಲ್ಲಿಂದ ತಿರುಗಲು ಶುರುಮಾಡುವಾಗ ಒಂದು ಕ್ಷಣಕ್ಕೆ ಅದಕ್ಕಿಂತ ಹೆಚ್ಚು ಕೇಳುವುದುಂಟು. ರೂಟರಿನ ಪುಟ್ಟ ಅಡಾಪ್ಟರು ವೈಫೈಯನ್ನೂ ಸಾಕಬೇಕು, ಇದನ್ನೂ ಸಾಕಬೇಕು. ಡಿಸ್ಕು ತಿರುಗಲು ಹೋಗಿ ಸೋತು, ಮತ್ತೆ ಹೋಗಿ ಮತ್ತೆ ಸೋಲುವ ಸದ್ದು ಅದು. ಅಂಗಡಿಯವರು ಎರಡು ಕಿಂಡಿಯಿಂದ ಕರೆಂಟು ಎಳೆಯುವ ವೈ ಕೇಬಲ್ ಕೊಡುತ್ತಾರೆ. ಯುಎಸ್‌ಬಿ ನಿಯಮಗಳ ಪ್ರಕಾರ ಆ ಕೇಬಲ್ ನಿಷಿದ್ಧ, ಆದರೂ ಅನೇಕ ಮನೆಗಳಲ್ಲಿ ಕೆಲಸ ಮಾಡುತ್ತಿದೆ. ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಇದಕ್ಕೆ ಸರಿಯಾದ ಮದ್ದು. ಬೇಸಿಗೆಯಲ್ಲಿ ಕರೆಂಟು ಹೋಗಿ ಬರುವ ಊರುಗಳಲ್ಲಿ 12 ವೋಲ್ಟಿನ ಪುಟ್ಟ ಯುಪಿಎಸ್ಸೂ ಬೇಕು. ಬರೆಯುತ್ತಿರುವಾಗ ಕರೆಂಟು ಹೋದ ಎನ್‌ಟಿಎಫ್‌ಎಸ್ ಡಿಸ್ಕನ್ನು ಕೆಲವು ರೂಟರುಗಳು ಓದಲು ಮಾತ್ರ ಬಿಡುತ್ತವೆ, ಬರೆಯಲು ಬಿಡುವುದಿಲ್ಲ. ಆಗ ಅದನ್ನು ಲ್ಯಾಪ್‌ಟಾಪಿಗೆ ಒಯ್ದು ಚೆಕ್‌ಡಿಸ್ಕ್ ಓಡಿಸುವತನಕ ಬಿಡುಗಡೆಯಿಲ್ಲ.

ಅರ್ಧದಲ್ಲಿ ನಿಲ್ಲುವ ವಿಡಿಯೊದ್ದು ಇನ್ನೂ ತಮಾಷೆ. ಯುಎಸ್‌ಬಿ 3.0 ತಂತಿಯಲ್ಲಿ ಸೆಕೆಂಡಿಗೆ 5 ಗಿಗಾಬಿಟ್ ಓಡುವಾಗ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ರೇಡಿಯೊ ಗದ್ದಲ ಏಳುತ್ತದೆ ಎಂದು ಇಂಟೆಲ್ 2012ರಲ್ಲೇ ಒಂದು ವರದಿ ಪ್ರಕಟಿಸಿತು. ಹಳೆಯ ವೈಫೈ ಓಡುವುದೂ ಅದೇ ಪಟ್ಟಿಯಲ್ಲಿ. ಎಂದರೆ ಸಿನಿಮಾ ಒದಗಿಸುವ ಡಿಸ್ಕೇ ಆ ಸಿನಿಮಾ ಹೋಗುವ ದಾರಿಗೆ ಕಲ್ಲು ಹಾಕುತ್ತದೆ, ಅದೂ ಪಕ್ಕದಲ್ಲೇ ಕೂತು. ಕೆಲವು ರೂಟರುಗಳ ಸೆಟ್ಟಿಂಗಿನಲ್ಲಿ ಕಿಂಡಿಯನ್ನು 2.0 ವೇಗಕ್ಕೆ ಇಳಿಸುವ ಆಯ್ಕೆ ಇರುವುದು ಈ ಕಾರಣಕ್ಕೆ. 'ವೇಗ ಕಡಿಮೆ ಮಾಡಿ' ಎಂದರೆ ಕೇಳಿದವರು ಹುಬ್ಬೇರಿಸುತ್ತಾರೆ. ಮಾಡಿದ ಮೇಲೆ ಸಿನಿಮಾ ಓಡುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಪೆನ್‌ಡ್ರೈವಿಗೂ ಅದೇ 'ಸಂಸ್ಥೆಯ ನೀತಿ' ಎದುರಾದರೆ ವಿಷಯ ಬೇರೆ. 24ಎಚ್2 ಬಂದ ಮೇಲೆ ವಿಂಡೋಸ್ ಪ್ರೊ ನೆಟ್‌ವರ್ಕಿನ ಫೈಲು ವ್ಯವಹಾರದ ಭಾಷೆಯಾದ ಎಸ್‌ಎಂಬಿಯ ಪ್ರತಿ ಸಂದೇಶಕ್ಕೂ ಸಹಿ ಕೇಳುತ್ತದೆ. ಆ ಸಹಿಗೆ ಬೇಕಾದ ಕೀಲಿ ಹುಟ್ಟುವುದು ಪಾಸ್‌ವರ್ಡಿನಿಂದ. ಅತಿಥಿಗೆ ಪಾಸ್‌ವರ್ಡೇ ಇಲ್ಲ, ಹಾಗಾಗಿ ಸಹಿಯಿಲ್ಲ, ಹಾಗಾಗಿ ಪ್ರವೇಶವಿಲ್ಲ. ರೂಟರಿನ ಪುಟಕ್ಕೆ ಹೋಗಿ ಅತಿಥಿ ಪ್ರವೇಶ ಮುಚ್ಚಿ, ಒಂದು ಬಳಕೆದಾರ ಹೆಸರು, ಒಂದು ಪಾಸ್‌ವರ್ಡ್ ಕೊಟ್ಟರೆ ತೀರಾ ಹಳತಲ್ಲದ ರೂಟರುಗಳಲ್ಲಿ ಬಾಗಿಲು ತೆರೆಯುತ್ತದೆ.

ಇಲ್ಲಿಗೆ ಬರುತ್ತಾರೆ ಸಲಹೆಗಾರರು. ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿನಲ್ಲಿ, ಯೂಟ್ಯೂಬಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಇವರು ಎಲ್ಲ ರೋಗಕ್ಕೂ ಹೇಳುವ ಮದ್ದು ಒಂದೇ: ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ, ವಿಂಡೋಸ್ ಫೀಚರ್ಸ್ ತೆರೆದು, ಎಸ್‌ಎಂಬಿ 1.0 ಎಂಬ ಚೌಕಕ್ಕೆ ಟಿಕ್ ಹಾಕಿ. ಅತಿಥಿ ಪ್ರವೇಶದ ಸಂದೇಶಕ್ಕೂ ಎಸ್‌ಎಂಬಿ 1ಕ್ಕೂ ಸಂಬಂಧವೇ ಇಲ್ಲ. ಅದು ಹೊಸ ಎಸ್‌ಎಂಬಿ 2 ಮತ್ತು 3ರ ಮಾತು. ಪರದೆಯ ಮೇಲೆ ಬಂದಿದ್ದನ್ನು ಓದುವ ತಾಳ್ಮೆಯೂ ಇವರಿಗಿಲ್ಲ. ಆ ಚೌಕದೊಳಗೆ ಕ್ಲೈಂಟ್, ಸರ್ವರ್ ಎಂದು ಬೇರೆ ಬೇರೆ ಉಪಚೌಕಗಳಿವೆ. ಹಳೆಯ ರೂಟರನ್ನು ತಲುಪಲು ಕ್ಲೈಂಟ್ ಒಂದೇ ಸಾಕು, ಆದರೆ ಇವರು ಸರ್ವರಿಗೂ ಟಿಕ್ ಹಾಕಿಸಿ, ಮನೆಯ ಲ್ಯಾಪ್‌ಟಾಪಿನ ಬಾಗಿಲನ್ನೇ ತೆರೆದಿಟ್ಟು, 'ಆಯ್ತಲ್ಲ?' ಎಂದು ಹೆಬ್ಬೆರಳು ಎತ್ತುತ್ತಾರೆ.

ಎಸ್‌ಎಂಬಿ 1 ಯಾಕೆ ಮುಚ್ಚಲ್ಪಟ್ಟಿತು ಎಂಬುದು ಗುಟ್ಟಿನ ವಿಷಯವೂ ಅಲ್ಲ. ಅದರಲ್ಲಿದ್ದ ತೂತನ್ನು ಮುಚ್ಚುವ ಪ್ಯಾಚನ್ನು ಮೈಕ್ರೋಸಾಫ್ಟ್ 2017ರ ಮಾರ್ಚಿನಲ್ಲಿ ಕೊಟ್ಟಿತು. ಪ್ಯಾಚ್ ಹಾಕಿಕೊಳ್ಳದ ಕಂಪ್ಯೂಟರುಗಳಿಗೆ ಅದೇ ವರ್ಷ ಮೇ 12ರಂದು ವಾನ್ನಾಕ್ರೈ ಎಂಬ ಕುತಂತ್ರಾಂಶ ನುಗ್ಗಿತು. ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಬಿತ್ತು, ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ಆ ಅಕ್ಟೋಬರಿನಿಂದ ಹೊಸದಾಗಿ ಹಾಕಿದ ವಿಂಡೋಸ್ 10ರಲ್ಲಿ ಎಸ್‌ಎಂಬಿ 1ರ ಸರ್ವರ್ ಭಾಗ ತಾನಾಗಿ ಬರುವುದು ನಿಂತಿತು. ಇಷ್ಟು ದೊಡ್ಡ ಅನಾಹುತವಾದ ಮೇಲೂ ಒಂದು ಸಿನಿಮಾ ನೋಡುವುದಕ್ಕೆ ಆ ಬಾಗಿಲು ತೆರೆಯಿರಿ ಎನ್ನುವವರನ್ನು ಜಾಣರೆಂದು ಕರೆಯುವುದು ಹೇಗೆ? ಮನೆಯ ಎಲ್ಲರ ಆಧಾರ್ ಪ್ರತಿ, ಜಮೀನಿನ ಪಹಣಿ, ಮಗುವಿನ ನಾಮಕರಣದ ಫೋಟೊ ಇರುವುದು ಅದೇ ಲ್ಯಾಪ್‌ಟಾಪಿನಲ್ಲಿ. ಎಸ್‌ಎಂಬಿ 1 ಬಿಟ್ಟು ಬೇರೇನೂ ಬಾರದ ರೂಟರಿದ್ದರೆ ಅದಕ್ಕೆ ಡಿಸ್ಕು ಸಿಕ್ಕಿಸುವ ಕೆಲಸದಿಂದ ನಿವೃತ್ತಿ ಕೊಡುವುದು ವಾಸಿ.

ಅಂಥ ರೂಟರುಗಳು ಅಷ್ಟು ವರ್ಷ ಅಂಗಡಿಯಲ್ಲಿ ಉಳಿದದ್ದಕ್ಕೆ ಒಂದು ಕಾನೂನಿನ ಕಥೆಯಿದೆ. ರೂಟರಿನೊಳಗೆ ಫೈಲು ಹಂಚುವ ತಂತ್ರಾಂಶ ಬಹುಪಾಲು ಸಾಂಬಾ. ಅದು 2008ರಲ್ಲಿ 3.2ನೇ ಆವೃತ್ತಿಯಿಂದ ಜಿಪಿಎಲ್ ಮೂರನೇ ಪರವಾನಗಿಗೆ ಹೋಯಿತು. ಆ ಪರವಾನಗಿಯ ಷರತ್ತುಗಳು ಹಿಡಿಸದ ತಯಾರಕರು ಹಿಂದಿನ 3.0ಕ್ಕೇ ಅಂಟಿಕೊಂಡರು. ಎಸ್‌ಎಂಬಿ 2 ಪೂರ್ತಿಯಾಗಿ ಬಂದದ್ದು 2011ರ ಸಾಂಬಾ 3.6ರಲ್ಲಿ. ಹೊಳೆಯುವ ಹೊಸ ಡಬ್ಬದೊಳಗೆ ಹಳೆಯ ಸಾಂಬಾ ಕೂತು ಮಾರಾಟವಾದದ್ದು ಹೀಗೆ.

ಸಾಂಬಾ ಹುಟ್ಟಿದ ಕಥೆ ಮಾತ್ರ ಈ ಗೀಳಿನವರಿಗೆ ಪುರಾಣಕ್ಕೆ ಸಮ. 1991ರ ಕೊನೆಯಲ್ಲಿ ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಆ್ಯಂಡ್ರೂ ಟ್ರಿಜೆಲ್, ತಮ್ಮ ಪಿಸಿಯಿಂದ ಯುನಿಕ್ಸ್ ಯಂತ್ರದ ಫೈಲುಗಳನ್ನು ತೆರೆಯಬೇಕೆಂದು ಹೊರಟರು. ತಂತಿಯ ಮೇಲೆ ಹೋಗಿಬರುವ ಸಂದೇಶಗಳನ್ನು ನೋಡಿ ನೋಡಿಯೇ ಅವರು ಸರ್ವರ್ ಬರೆದರು. ಆ ಭಾಷೆಗೆ ಎಸ್‌ಎಂಬಿ ಎಂಬ ಹೆಸರಿದೆ ಎಂಬುದೂ ಆಗ ಅವರಿಗೆ ತಿಳಿದಿರಲಿಲ್ಲ. ಫ್ರೆಂಚ್ ಬಾರದವನು ಕೆಫೆಯಲ್ಲಿ ಕೂತು, ಪಕ್ಕದ ಮೇಜಿನವರು ಏನು ಹೇಳಿದರೆ ಮಾಣಿ ಏನು ತರುತ್ತಾನೆ ಎಂದು ಗಮನಿಸುತ್ತ ಭಾಷೆ ಕಲಿಯುವ ವಿಧಾನ ಇದು ಎಂದು ಅವರೇ ಮುಂದೆ ವಿವರಿಸಿದ್ದಾರೆ. ಭಾಷೆಯ ಹೆಸರು ತಿಳಿದ ಮೇಲೆ ಸರ್ವರಿಗೆ ಇಟ್ಟ ಎಸ್‌ಎಂಬಿಸರ್ವರ್ ಎಂಬ ಹೆಸರಿಗೆ ಒಂದು ಕಂಪನಿಯ ಟ್ರೇಡ್‌ಮಾರ್ಕ್ ಅಡ್ಡ ಬಂತು. ಆಗ ಎಸ್, ಎಂ, ಬಿ ಮೂರೂ ಅಕ್ಷರ ಅದೇ ಕ್ರಮದಲ್ಲಿ ಬರುವ ಪದಗಳನ್ನು ಕಂಪ್ಯೂಟರಿನ ನಿಘಂಟಿನಲ್ಲಿ ಹುಡುಕಿಸಿದರು. ಸಿಕ್ಕ ಪಟ್ಟಿಯಲ್ಲಿ ಸಾಂಬಾ ಇತ್ತು. ಇದೇ ಟ್ರಿಜೆಲ್ 1996ರಲ್ಲಿ ಆರ್‌ಸಿಂಕ್ ಬರೆಯುವುದರಲ್ಲೂ ಕೈಜೋಡಿಸಿದರು. ರೂಟರಿನ ಡಿಸ್ಕಿನ ಇನ್ನೊಂದು ಪ್ರತಿ ತೆಗೆದಿಡಲು ತಿಳಿದವರು ಇಂದಿಗೂ ಬಳಸುವುದು ಅದನ್ನೇ.

ಇನ್ನು ಪೆನ್‌ಡ್ರೈವಿನ ಮೂರನೆಯ ಫೈಲು. 'ಮದುವೆ' ಎಂದು ಹೆಸರಿಟ್ಟ ಫೋಟೊ ರೂಟರಿನ ಮೂಲಕ ಬಂದಾಗ ಐದು ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಾಣುವುದುಂಟು. ಹೆಸರು ಅಳಿಸಿಹೋಗಿರುವುದಿಲ್ಲ, ಪೆನ್‌ಡ್ರೈವನ್ನು ನೇರ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಕನ್ನಡ ಹಾಗೇ ಇರುತ್ತದೆ. ಫ್ಯಾಟ್32ರಲ್ಲಿ ಉದ್ದನೆಯ ಹೆಸರುಗಳು ಯುನಿಕೋಡಿನಲ್ಲೇ ಉಳಿಯುತ್ತವೆ. ಆದರೆ ರೂಟರಿನ ಲಿನಕ್ಸು ಅದನ್ನು ತೆರೆಯುವಾಗ ಪಶ್ಚಿಮ ಯುರೋಪಿನ ಲಿಪಿಗಷ್ಟೇ ಸಾಲುವ, 256 ಸ್ಥಾನಗಳ ಹಳೆಯ ಅಕ್ಷರಪಟ್ಟಿ ಹಿಡಿದು ಕೂತಿದ್ದರೆ ಕನ್ನಡದ ಒಂದಕ್ಷರಕ್ಕೂ ಅಲ್ಲಿ ಜಾಗವಿಲ್ಲ. ಪ್ರತಿಯೊಂದು ಸಂಕೇತಕ್ಕೂ ಒಂದು ಪ್ರಶ್ನಾರ್ಥಕ ಬರೆದು ಕೈತೊಳೆದುಕೊಳ್ಳುತ್ತದೆ. ಫೈಲಿನ ಹೆಸರಿನಲ್ಲಿ ಆ ಚಿಹ್ನೆಯನ್ನು ವಿಂಡೋಸ್ ಒಪ್ಪುವುದಿಲ್ಲವಾದ್ದರಿಂದ ಅಂಥ ಫೈಲು ಅನೇಕ ಸಲ ತೆರೆಯುವುದೂ ಇಲ್ಲ.

ಡಿಸ್ಕನ್ನು ಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿದವರಿಗೆ ಬೇರೊಂದು ಪೇಚು. ಅಲ್ಲಿ ಹೆಸರಿನ ಮಿತಿ 255 ಬೈಟು, ಕನ್ನಡದ ಪ್ರತಿ ಸಂಕೇತಕ್ಕೆ ಯುಟಿಎಫ್-8ರಲ್ಲಿ 3 ಬೈಟು, ಎಂದರೆ 85 ಸಂಕೇತಕ್ಕೆ ಮುಗಿಯಿತು. 'ಕೃಷ್ಣ' ಎಂಬುದು ಕಣ್ಣಿಗೆ ಎರಡೇ ಅಕ್ಷರ, ಡಿಸ್ಕಿಗೆ ಐದು ಸಂಕೇತ, 15 ಬೈಟು. ಊರು, ದಿನಾಂಕ, ವಧೂವರರು, ಛತ್ರ ಎಲ್ಲವನ್ನೂ ಸೇರಿಸಿ ಹೆಸರಿಡುವ ಮನೆಯ ಹಿರಿಯರ ಫೈಲುಗಳು ವಿಂಡೋಸಿನಲ್ಲಿ ಸಲೀಸಾಗಿ ಉಳಿದು, ಇಲ್ಲಿಗೆ ಕಾಪಿ ಆಗಲು ಹಟ ಹಿಡಿಯುತ್ತವೆ. ಇದಕ್ಕೆ ಹೆಸರು ಮೊಟಕು ಮಾಡುವುದೊಂದೇ ದಾರಿ.

ಪ್ರಶ್ನಾರ್ಥಕದ ರೋಗಕ್ಕೆ ಮದ್ದು ಸುಲಭ, ಆದರೆ ಅದು ಬಳಸುವವರ ಕೈಯಲ್ಲಿಲ್ಲ. ಕಂಪನಿ ಬೀಗ ಹಾಕಿ ಕಳಿಸಿದ ರೂಟರಿನೊಳಗೆ ಹೊಕ್ಕು, ಡಿಸ್ಕನ್ನು ತೆರೆಯುವ ಆಜ್ಞೆಯ ಸಾಲು ತಿದ್ದಲು ಹೆಚ್ಚಿನವರಿಗೆ ದಾರಿಯಿಲ್ಲ. ರೂಟರುಗಳಿಗೆ ಫರ್ಮ್‌ವೇರ್ ಬರೆಯುವವರಲ್ಲಿ ಬೆಂಗಳೂರಿನಲ್ಲಿ ಕೂತು ಕೆಲಸ ಮಾಡುವ ಕನ್ನಡಿಗರೂ ಇದ್ದಾರೆ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಡಿಸ್ಕನ್ನು ಮೌಂಟ್ ಮಾಡುವ ಸಾಲಿನಲ್ಲಿ ಯುಟಿಎಫ್8 ಎಂಬ ಆಯ್ಕೆ ಇದೆಯೇ ಎಂದು ದಯವಿಟ್ಟು ನೋಡಿ. ಇಲ್ಲದಿದ್ದರೆ ಮುಂದಿನ ಅಪ್‌ಡೇಟಿನಲ್ಲಿ ಸೇರಿಸಿ, ಹೊರಗೆ ಬಿಡುವ ಮೊದಲು ಕನ್ನಡದಲ್ಲಿ ಹೆಸರಿಟ್ಟ ಒಂದು ಫೋಲ್ಡರ್ ಮಾಡಿ ತೆರೆದು ನೋಡಿ.